‘ಗನ್ ಇದೆಯಾ?’ ಅಂತ ಕೇಳುವುದನ್ನು ಬಿಟ್ಟೆ

ನಾನು ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಡಾಕ್ಟರ್. ಶುರುವಿನಲ್ಲಿ, ತಪಾಸಣೆಗೆ ಬಂದ ತಂದೆ ತಾಯಿಯನ್ನು ನೇರವಾಗಿ ಕೇಳುತ್ತಿದ್ದೆ: “ಮನೆಯಲ್ಲಿ ಗನ್ ಇದೆಯಾ?” ಒಂದು ದಿನ ಒಬ್ಬ ತಂದೆ ಮಗಳ ಜಾಕೆಟ್ ಎತ್ತಿಕೊಂಡು ಎದ್ದೇ ಹೋದರು. ಮತ್ತೆ ಬರಲಿಲ್ಲ. ಅವರ ಮನೆಯ ಗನ್ನಿಗೆ ಬೀಗ ಇತ್ತೋ ಇಲ್ಲವೋ, ನನಗೆ ಕೊನೆಗೂ ಗೊತ್ತಾಗಲಿಲ್ಲ.

ಕಾರಿನಲ್ಲಿ ಮಗುವನ್ನು ಕೂರಿಸುವ ಸುರಕ್ಷತಾ ಸೀಟ್ ಬಗ್ಗೆ ಕೇಳಿದರೆ ಯಾರೂ ಹೀಗೆ ಎದ್ದು ಹೋಗುವುದಿಲ್ಲ, ಅಲ್ವಾ? ರಸ್ತೆ ಅಪಘಾತಗಳ ಬಗ್ಗೆ ಸರ್ಕಾರದ ಹಣದಲ್ಲಿ ದಶಕಗಳ ಕಾಲ ಸಂಶೋಧನೆ ನಡೆದಿದೆ, ಜನರಿಗೆ ತಿಳಿಸುವ ಕೆಲಸವೂ ಆಗಿದೆ. ಗನ್ ವಿಷಯದಲ್ಲಿ ಹಾಗಾಗಲಿಲ್ಲ. ಗನ್ ನಿಯಂತ್ರಣದ ಪರ ಪ್ರಚಾರಕ್ಕೆ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಹಣ ಬಳಸಬಾರದು ಅಂತ 1996ರಲ್ಲಿ ಅಮೆರಿಕದ ಕಾಂಗ್ರೆಸ್ ಬಜೆಟ್‌ನಲ್ಲೇ ಬರೆದುಬಿಟ್ಟಿತು. ಗನ್ ಸಂಶೋಧನೆಗೆ ಖರ್ಚಾಗುತ್ತಿದ್ದ ಸುಮಾರು 26 ಲಕ್ಷ ಡಾಲರನ್ನೂ ಬೇರೆ ಕಡೆ ತಿರುಗಿಸಿತು. ಸಂಶೋಧನೆಯೇ ಬೇಡ ಅಂತ ಅದರಲ್ಲಿ ಇರಲಿಲ್ಲ. ಆದರೂ ಹೆದರಿಕೆಯಲ್ಲಿ ಕೆಲಸ ಬಹುಮಟ್ಟಿಗೆ ನಿಂತೇಹೋಯಿತು. ಆ ನಿಯಮವನ್ನು ತಂದ ಸಂಸದ ಜೇ ಡಿಕಿ ಅವರೇ 2012ರಲ್ಲಿ ಸಂಶೋಧನೆ ಬೇಕು ಅಂತ ಬರೆದರು. ಮತ್ತೆ ಹಣ ಬಂದಿದ್ದು 2020ರ ಬಜೆಟ್‌ನಲ್ಲಿ: 2.5 ಕೋಟಿ ಡಾಲರ್, ಸಿಡಿಸಿಗೂ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೂ ಅರ್ಧರ್ಧ. ಅದೇ ವರ್ಷ, ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಗನ್ನೇ ಮೊದಲ ಕಾರಣವಾಯಿತು. ಕಳೆದುಹೋದ ಆ ವರ್ಷಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಈಗ ನನ್ನ ಪ್ರಶ್ನೆ ಬೇರೆ. “ಮಾತ್ರೆಗಳು, ಈಜುಕೊಳದ ಗೇಟು, ಗನ್, ಇವು ಮಗುವಿನ ಕೈಗೆ ಸಿಗದ ಹಾಗೆ ಏನು ಮಾಡಿದ್ದೀರಿ?” ಇದೆಯೋ ಇಲ್ಲವೋ ಅಂತ ಅವರು ಹೇಳಬೇಕಾಗಿಯೇ ಇಲ್ಲ. “ಬೀರುವಿನ ಮೇಲೆ ಇಟ್ಟಿದ್ದೀನಿ” ಅನ್ನುವವರೇ ಜಾಸ್ತಿ. ಬೀರುವಿನ ಮೇಲೆ ಏನಿದೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ.

ಸುಮ್ನೆ ಕಾಗದ ಕೊಟ್ಟು ಕಳಿಸುವುದಿಲ್ಲ. ಡ್ರಾಯರಿನಿಂದ ಕೇಬಲ್ ಲಾಕ್ ತೆಗೆದು ಅವರ ಕೈಗೇ ಕೊಡುತ್ತೇನೆ. ಗುಂಡು ತೆಗೆದ ಗನ್ನಿನೊಳಗೆ ಈ ಕೇಬಲ್ ತೂರಿಸಿ ಬೀಗ ಹಾಕಿದರೆ ಮತ್ತೆ ಗುಂಡು ತುಂಬಲು ಆಗುವುದಿಲ್ಲ. ಗುಂಡುಗಳನ್ನು ಬೇರೆ ಕಡೆ ಇಟ್ಟು ಅದಕ್ಕೂ ಬೀಗ. “ರಾತ್ರಿ ಕಳ್ಳ ಬಂದರೆ?” ಅನ್ನುತ್ತಾರೆ. ಆ ಭಯ ನಿಜವಾದದ್ದೇ. ಅಂಥವರಿಗೆ ಬೇಗ ತೆರೆಯುವ ಲಾಕರ್ ಬಗ್ಗೆ ಹೇಳುತ್ತೇನೆ.

ಹದಿಹರೆಯದ ಮಗು ಮಂಕಾಗಿದ್ದರೆ ಬೀಗ ಸಾಲದು. ಅಮೆರಿಕದಲ್ಲಿ ಗನ್ನಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಸಾಯಬೇಕು ಅನ್ನಿಸುವ ಆ ಗಳಿಗೆ ದಾಟಿಹೋಗಬಹುದು, ಆದರೆ ಕೈಗೆ ಗನ್ ಸಿಕ್ಕರೆ ಬದುಕಿ ಉಳಿಯುವವರು ತೀರಾ ಕಡಿಮೆ. ಹಾಗಾಗಿ ತಂದೆ ತಾಯಿಯನ್ನು ಬೇರೆ ಕೂರಿಸಿ, ಸ್ವಲ್ಪ ಕಾಲ ಗನ್ನನ್ನು ಮನೆಯಿಂದಲೇ ಆಚೆ ಇಡುವ ದಾರಿ ಹುಡುಕುತ್ತೇವೆ. ಆತ್ಮಹತ್ಯೆ ತಡೆಯುವ 988 ಸಹಾಯವಾಣಿಯ ನಂಬರನ್ನು ಮಗುವಿಗೇ ಕೊಡುತ್ತೇನೆ.

ಕೊಡಗಿನಿಂದ ಬಂದ ಒಬ್ಬ ತಾಯಿ ಇದ್ದಾರೆ. ಕೊಡವರ ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯವರು. “ನನಗೆ ಕೋವಿ ಹೊಸದಲ್ಲ ಮೇಡಂ. ಆದ್ರೆ ಮಗ ಸ್ನೇಹಿತನ ಮನೇಲಿ ರಾತ್ರಿ ಉಳ್ಕೋತೀನಿ ಅಂತಾನೆ. ಅವರನ್ನ ಹೇಗೆ ಕೇಳೋದು?” ಅಂದರು. ಅಲ್ಲೇ ಕೂತು ಇಬ್ಬರೂ ಹೇಳಿ ನೋಡಿದೆವು. ಮಗನಿಗೆ ಕಡಲೆಕಾಯಿ ಅಲರ್ಜಿ ಅನ್ನುವುದು ಮೊದಲು, ನಾಯಿ ಇದೆಯಾ ಅನ್ನುವುದು ಆಮೇಲೆ, ಗನ್ ಇದ್ದರೆ ಬೀಗ ಹಾಕಿದ್ದೀರಾ ಅನ್ನುವುದೂ ಅದೇ ಉಸಿರಿನಲ್ಲಿ.

ಮುಂದಿನ ಸಲ ಬಂದಾಗ ಅವರು ಕೇಳಿದ್ದು ಒಂದೇ: “ಆ ಮನೆಯವರಿಗೂ ಒಂದು ಲಾಕ್ ಬೇಕಂತೆ ಮೇಡಂ, ಕೊಡ್ತೀರಾ?”