ಬಾಲದ ತುದಿಗೆ ಅರ್ಧ ಇಂಚು ಬಣ್ಣ

ಒಂದು ಬೆಳಗ್ಗೆ ಹಿಡಿದ ಬಾಸ್ ಮೀನು ದೋಣಿಯೊಳಗೆ ಬಂದ ಕೂಡಲೇ ಅರ್ಧ ನುಂಗಿದ್ದ ಕ್ರೇಫಿಶ್ ಒಂದನ್ನು ಕಕ್ಕಿತು. ಕ್ರೇಫಿಶ್ ಅಂದರೆ ಸೀಗಡಿಯ ನೆಂಟ. ಮುಂದೆ ಏಡಿಯ ಹಾಗೆ ಎರಡು ಇಕ್ಕಳಗೈ ಇರುತ್ತವೆ. ಬಾಸ್‌ಗೆ ಅದು ಬಲು ಇಷ್ಟದ ಊಟ. ಮೀನನ್ನು ನೀರಿಗೆ ಬಿಟ್ಟು, ಕ್ರೇಫಿಶ್ ಅನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಮೈಯೆಲ್ಲ ಕೆಸರಿನ ಬಣ್ಣ, ಕಂದು ಮತ್ತು ಹಸಿರಿನ ನಡುವಿನದು. ಬೆನ್ನು ಗಾಢ, ಹೊಟ್ಟೆ ತೆಳು. ಇಕ್ಕಳಗಳ ತುದಿಯಲ್ಲಿ ಮಾತ್ರ ಕಿತ್ತಳೆ. ಅದೂ ಎಷ್ಟು? ನನ್ನ ಕಿರುಬೆರಳಿನ ಉಗುರಿನ ಅರ್ಧದಷ್ಟು. ಪಕ್ಕದಲ್ಲಿ ಮೀನು ಹಿಡಿಯಲು ಕೊಕ್ಕೆಗೆ ಸಿಕ್ಕಿಸುವ ನನ್ನ ಪ್ಲಾಸ್ಟಿಕ್ ಎರೆಯನ್ನು ಇಟ್ಟು ನೋಡಿದೆ. ಆಕಾರ ಸರಿ ಇತ್ತು, ಮೈಬಣ್ಣವೂ ಹೆಚ್ಚುಕಮ್ಮಿ ಹೊಂದುತ್ತಿತ್ತು. ಆ ಕಿತ್ತಳೆ ತುದಿ ಮಾತ್ರ ಇರಲಿಲ್ಲ.

ಅವತ್ತಿನಿಂದ ಮೆತ್ತನೆಯ ಪ್ಲಾಸ್ಟಿಕ್ ಎರೆಗಳಿಗೆ ನಾನೇ ಬಣ್ಣ ಹಚ್ಚಲು ಶುರು ಮಾಡಿದೆ. ಪೊಟ್ಟಣದಲ್ಲಿ ಬರುವ ಎರೆ ಸಾಮಾನ್ಯವಾಗಿ ತಲೆಯಿಂದ ಬಾಲದವರೆಗೆ ಒಂದೇ ಬಣ್ಣ, ಇಲ್ಲವೇ ಬೆನ್ನಿಗೊಂದು ಹೊಟ್ಟೆಗೊಂದು. ನಿಜವಾದ ಜೀವಿ ಹಾಗಿರುವುದಿಲ್ಲ. ಅದರ ಮೈಯಲ್ಲಿ ಎಲ್ಲೋ ಒಂದು ಕಡೆ ಬೇರೆ ಬಣ್ಣದ ಗುರುತು ಇದ್ದೇ ಇರುತ್ತದೆ. ಆ ಒಂದು ಗುರುತನ್ನು ಸರಿಯಾದ ಜಾಗದಲ್ಲಿ, ಸ್ವಲ್ಪವೇ ಸ್ವಲ್ಪ ಇಡುವುದು ಈ ಕೆಲಸದ ತಿರುಳು.

ಶುರುವಿನಲ್ಲಿ ನಾನು ಜಾಸ್ತಿ ಹಚ್ಚಿದೆ. ಅರ್ಧ ಎರೆಯನ್ನೇ ಡೈ ಬಾಟಲಿಗೆ ಅದ್ದಿದೆ. ಬಾಲ, ಕಾಲು, ಹೊಟ್ಟೆ ಎಲ್ಲ ಝಗಮಗ. ಮೇಜಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಎಲ್ಲ ಕಡೆ ಬಣ್ಣ ಇದ್ದರೆ ಕಣ್ಣು ಯಾವ ಕಡೆಗೆ ಹೋಗಬೇಕು? ಈಗ ನಾನು ಬಾಲದ ತುದಿಗೆ ಅರ್ಧ ಇಂಚು, ಜಾಸ್ತಿ ಅಂದರೆ ಮುಕ್ಕಾಲು ಇಂಚು, ಅಷ್ಟೇ ಅದ್ದುತ್ತೇನೆ.

ನಾನು ಕಲಿತ ಎರಡನೇ ಪಾಠ ಇದಕ್ಕಿಂತ ದೊಡ್ಡದು. ಎರೆಗೆ ಹಚ್ಚುವ ಡೈ ಪೇಂಟ್ ಥರ ಅಲ್ಲ. ಪೇಂಟ್ ಮುಚ್ಚುತ್ತದೆ, ಡೈ ಮುಚ್ಚುವುದಿಲ್ಲ. ಅದು ಬಣ್ಣದ ಗಾಜಿನ ಹಾಗೆ. ಕೆಳಗಿನ ಬಣ್ಣ ಅದರ ಮೂಲಕ ಕಾಣುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ಹುಳದ ಆಕಾರದ ಕಪ್ಪು ಎರೆಗೆ ಚಾರ್ಟ್ರೂಸ್ ಬಾಲ ಮಾಡಲು ಹೋಗಿದ್ದೆ. ಚಾರ್ಟ್ರೂಸ್ ಅಂದರೆ ಆ ಹೊಳೆಯುವ ಹಳದಿ ಹಸಿರು. ಎರಡು ಸೆಕೆಂಡ್ ಅದ್ದಿದೆ, ಹತ್ತು ಸೆಕೆಂಡ್ ಅದ್ದಿದೆ, ಮತ್ತೆ ಅದ್ದಿದೆ. ಕಪ್ಪು ಕಪ್ಪಾಗಿಯೇ ಉಳಿಯಿತು.

ಆಮೇಲೆ ಕೂತು ಒಂದು ಪರೀಕ್ಷೆ ಮಾಡಿದೆ. ನನ್ನ ಹತ್ತಿರ ಇದ್ದ ಎಲ್ಲ ಬಣ್ಣದ ಎರೆಗಳಲ್ಲಿ ಹರಿದು ಹಾಳಾದವನ್ನು ಆರಿಸಿ, ಪ್ರತಿಯೊಂದರ ತುದಿಯನ್ನೂ ನಾಲ್ಕು ಡೈಗಳಲ್ಲಿ ಅದ್ದಿ, ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ಮುತ್ತಿನ ಬಿಳುಪಿನ ಮೇಲೆ ನಾಲ್ಕೂ ಬಣ್ಣ ಬಾಟಲಿಯಲ್ಲಿ ಇದ್ದ ಹಾಗೇ ಬಂದವು. ಗ್ರೀನ್ ಪಂಪ್ಕಿನ್ ಅನ್ನುವ ಕಂದು ಹಸಿರಿನ ಮೇಲೆ ಚಾರ್ಟ್ರೂಸ್ ಚೆನ್ನಾಗಿ ಎದ್ದಿತು. ಕಿತ್ತಳೆ ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿತು. ಮೊದಲು ಬೇಜಾರಾಯಿತು, ಆಮೇಲೆ ಖುಷಿಯಾಯಿತು. ಯಾಕೆಂದರೆ ಆ ಕ್ರೇಫಿಶ್ ತುದಿಯ ಬಣ್ಣ ಇದೇ ಅಲ್ವಾ! ವಾಟರ್‌ಮೆಲನ್ ಅನ್ನುವ ಹಸಿರಿನ ಮೇಲೆ ಕೆಂಪು ಕಂದು ಬಣ್ಣವಾಯಿತು, ನೀಲಿ ಗಾಢ ಹಸಿರುನೀಲಿಯಾಯಿತು. ಕಪ್ಪು, ಗಾಢ ನೇರಳೆಗಳ ಮೇಲೆ ಏನೂ ಆಗಲಿಲ್ಲ. ಆ ಕಾಗದದ ಫೋಟೊ ಇವತ್ತಿಗೂ ನನ್ನ ಫೋನಿನಲ್ಲಿದೆ. ಹೊಸದಾಗಿ ಶುರು ಮಾಡುವವರು ಮೊದಲು ಇದನ್ನೇ ಮಾಡಿ. ಒಂದು ಸಂಜೆ ಸಾಕು.

ಡೈ ಪ್ಲಾಸ್ಟಿಕ್‌ನೊಳಗೆ ಇಳಿಯುವುದು ಹೇಗೆ ಅಂತ ತಿಳಿದಿದ್ದರೆ ಮುಂದಿನ ತೊಂದರೆಗಳೆಲ್ಲ ಅರ್ಥವಾಗುತ್ತವೆ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮಾಡಿದ ಪ್ಲಾಸ್ಟಿಕ್ ಹುಳದಿಂದ ಹಿಡಿದು ಇವತ್ತಿನವರೆಗೂ ಮೂಲ ಉಪಾಯ ಒಂದೇ. ಗಡುಸಾದ ವಿನೈಲ್‌ಗೆ ಎಣ್ಣೆಯಂಥ ದ್ರವ ಬೆರೆಸಿ ಮೆತ್ತಗೆ ಮಾಡುವುದು. ಆ ದ್ರವ ಎರೆಯೊಳಗೆ ಯಾವಾಗಲೂ ಇರುತ್ತದೆ. ಡೈಯಲ್ಲಿರುವ ದ್ರಾವಕ ಬಣ್ಣವನ್ನು ಹೊತ್ತುಕೊಂಡು ಇದರೊಳಗೆ ನುಗ್ಗುತ್ತದೆ. ಹಾಗಾಗಿ ಬಣ್ಣ ನೀರಲ್ಲಿ ತೊಳೆದು ಹೋಗುವುದಿಲ್ಲ. ಹಾಗಾಗಿಯೇ ಅದು ಒಂದೇ ಜಾಗದಲ್ಲಿ ನಿಲ್ಲುವುದೂ ಇಲ್ಲ. ಮೆಲ್ಲಗೆ ಮೈಯೊಳಗೆ ಹರಡುತ್ತಾ ಹೋಗುತ್ತದೆ.

ಅದ್ದುವ ಮುಂಚೆ ಎರೆ ಒಣಗಿರಬೇಕು, ಶುಚಿಯಾಗಿರಬೇಕು. ಪೊಟ್ಟಣದಿಂದ ತೆಗೆದ ಎರೆಗೆ ವಾಸನೆ ಎಣ್ಣೆ ಮೆತ್ತಿರುತ್ತದೆ, ಕೆಲವಕ್ಕೆ ಉಪ್ಪಿನ ಹರಳು. ಎಣ್ಣೆ ಇದ್ದ ಕಡೆ ಡೈ ಹಿಡಿಯುವುದಿಲ್ಲ. ಉಪ್ಪು ಇದ್ದರೆ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ನಾನು ಬಣ್ಣ ಹಚ್ಚುವ ತುದಿಯನ್ನಷ್ಟೇ ಸೋಪು ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಐದು ನಿಮಿಷ ಬಿಡುತ್ತೇನೆ. ಉಳಿದ ಮೈಯ ವಾಸನೆ ಹಾಗೇ ಇರಲಿ, ಅದು ಬೇಕು.

ಆಮೇಲೆ ಕೈಗವಸು. ನೈಟ್ರೈಲ್ ಕೈಗವಸು ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಚರ್ಮಕ್ಕೆ ತಗುಲಿದ ಡೈ ದಿನಗಟ್ಟಲೆ ಹೋಗುವುದಿಲ್ಲ. ದ್ರಾವಕದ ವಾಸನೆ ತಲೆಗೆ ಹತ್ತುತ್ತದೆ, ಆದ್ದರಿಂದ ಗಾಳಿಯಾಡುವ ಕಡೆ ಕೂರಬೇಕು.

ಎರೆಯ ತಲೆ ಹಿಡಿದು ಬಾಲವನ್ನು ನೇರವಾಗಿ ಕೆಳಕ್ಕೆ ಇಳಿಸುತ್ತೇನೆ. ಒಂದು, ಎರಡು ಅಂತ ಎಣಿಸಿ ಎತ್ತುತ್ತೇನೆ. ತುದಿಯಲ್ಲಿ ಒಂದು ಹನಿ ನೇತಾಡುತ್ತಿರುತ್ತದೆ. ಅದನ್ನು ಬಾಟಲಿಯ ಬಾಯಿಗೆ ಮುಟ್ಟಿಸಿದರೆ ಒಳಗೆ ಜಾರಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಎರೆಯನ್ನು ತಲೆಕೆಳಗು ಮಾಡಬಾರದು. ಮಾಡಿದರೆ ಉಳಿದ ಡೈ ಗೆರೆಯಾಗಿ ಮೈಮೇಲೆ ಹರಿದು ಬರುತ್ತದೆ. ಬಾಲ ಕೆಳಗಿರುವ ಹಾಗೇ ಹಿಡಿದು ನೀರಿನ ಬಟ್ಟಲಲ್ಲಿ ಒಮ್ಮೆ ಅಲ್ಲಾಡಿಸಿ, ಬಟ್ಟೆ ಒಣಹಾಕುವ ಕ್ಲಿಪ್‌ಗೆ ಸಿಕ್ಕಿಸಿ ನೇತುಹಾಕುತ್ತೇನೆ. ಒಂದೆರಡು ನಿಮಿಷಕ್ಕೆ ಒಣಗುತ್ತದೆ.

ಬಣ್ಣ ಗೆರೆ ಎಳೆದ ಹಾಗೆ ನಿಲ್ಲದೆ ಮೈಬಣ್ಣದೊಳಗೆ ಕರಗಿದ ಹಾಗೆ ಬೇಕಾದರೆ ಎರಡು ಸಲ ಅದ್ದಬೇಕು. ಮೊದಲು ಒಂದು ಇಂಚು ಇಳಿಸಿ ತಕ್ಷಣ ಎತ್ತುವುದು, ಎಣಿಸುವಷ್ಟೂ ಹೊತ್ತು ಇಲ್ಲ. ಒಣಗಿದ ಮೇಲೆ ಅರ್ಧ ಇಂಚು ಇಳಿಸಿ ಎರಡು ಸೆಕೆಂಡ್. ತುದಿ ಗಾಢ, ಮೇಲೆ ಬರುತ್ತಾ ತೆಳು. ಕ್ರೇಫಿಶ್ ಆಕಾರದ ಎರೆಗಳಿಗೆ ನಾನು ಹೀಗೇ ಮಾಡುವುದು. ಎರಡು ಇಕ್ಕಳಗಳನ್ನೂ ಬೆರಳಲ್ಲಿ ಜೋಡಿಸಿ ಹಿಡಿದು ಒಟ್ಟಿಗೇ ಅದ್ದಿದರೆ ಎರಡೂ ಸಮ ಬರುತ್ತವೆ.

ಅದ್ದಲು ಆಗದ ಜಾಗಗಳಿಗೆ ಹತ್ತಿ ಕಡ್ಡಿ ಮತ್ತು ಟೂತ್‌ಪಿಕ್. ಸಣ್ಣ ಮೀನಿನ ಆಕಾರದ ಎರೆ ಇರುತ್ತದಲ್ಲ, ಅದನ್ನು ಬ್ಲೂಗಿಲ್ ಅನ್ನುವ ಸಿಹಿನೀರಿನ ಮೀನಿನ ಮರಿಯ ಹಾಗೆ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಗಂಟಲಿನ ಕೆಳಗೆ ಹತ್ತಿ ಕಡ್ಡಿಯಿಂದ ಕಿತ್ತಳೆ ಒತ್ತುತ್ತೇನೆ, ಉಜ್ಜುವುದಿಲ್ಲ. ಕಿವಿರಿನ ಹಿಂದೆ ಟೂತ್‌ಪಿಕ್‌ನಿಂದ ಒಂದು ಕಪ್ಪು ಚುಕ್ಕೆ. ಪಕ್ಕೆಯ ಅಡ್ಡಪಟ್ಟೆಗಳಿಗೆ ಪರ್ಮನೆಂಟ್ ಮಾರ್ಕರ್. ಮಾರ್ಕರ್ ಗೆರೆ ಹಾಕಿದಾಗ ಚೂಪಾಗಿರುತ್ತದೆ, ಮಾರನೇ ದಿನಕ್ಕೆ ಅಂಚು ಹರಡಿ ಮಸುಕಾಗುತ್ತದೆ. ಮೊದಲು ಇದನ್ನು ದೋಷ ಅಂದುಕೊಂಡಿದ್ದೆ. ಈಗ ಬೇಕಂತಲೇ ಹಿಂದಿನ ರಾತ್ರಿ ಪಟ್ಟೆ ಹಾಕಿಡುತ್ತೇನೆ. ನಿಜವಾದ ಮೀನಿನ ಪಟ್ಟೆಗೂ ಚೂಪಾದ ಅಂಚಿರುವುದಿಲ್ಲ.

ಬಾಲದ ತುದಿಯ ವಿಷಯ ಬೇರೆ. ಅದನ್ನು ವಾರದ ಮೊದಲೇ ಅದ್ದಿಟ್ಟರೆ ಅರ್ಧ ಇಂಚಿನ ಚಾರ್ಟ್ರೂಸ್ ಮೇಲಕ್ಕೆ ಹತ್ತಿ ಮಂಕಾಗುತ್ತದೆ. ಒಂದೇ ಚೀಲದಲ್ಲಿ ಒತ್ತಿಟ್ಟರೆ ಪಕ್ಕದ ಎರೆಗೂ ಅಂಟುತ್ತದೆ. ನಾನು ಒಮ್ಮೆ ಇಪ್ಪತ್ತು ಎರೆಗಳನ್ನು ಅದ್ದಿ ಒಂದೇ ಚೀಲಕ್ಕೆ ತುಂಬಿ ಮರೆತಿದ್ದೆ. ತೆಗೆದು ನೋಡಿದಾಗ ಯಾವುದಕ್ಕೂ ತುದಿ ಇರಲಿಲ್ಲ, ಎಲ್ಲಕ್ಕೂ ಮೈತುಂಬ ಹಳದಿ ಮಚ್ಚೆ. ಈಗ ಹೋಗುವ ದಿನ ಬೆಳಗ್ಗೆ ಬೇಕಾದಷ್ಟನ್ನೇ ಅದ್ದುತ್ತೇನೆ. ಇಲ್ಲವೇ ನೀರಿನ ಮೇಲೆ, ಕೊಕ್ಕೆಗೆ ಸಿಕ್ಕಿಸಿದ ಮೇಲೆ ಅದ್ದುತ್ತೇನೆ. ಕೊಕ್ಕೆಯನ್ನೇ ಹಿಡಿಯಾಗಿ ಹಿಡಿದರೆ ಬೆರಳು ಡೈ ಹತ್ತಿರ ಹೋಗುವುದೇ ಇಲ್ಲ.

ಎಲ್ಲ ಮೆತ್ತನೆಯ ಎರೆಯೂ ವಿನೈಲ್ ಅಲ್ಲ ಅನ್ನುವುದು ನೆನಪಿರಲಿ. ರಬ್ಬರಿನ ಹಾಗೆ ಎಳೆದಷ್ಟೂ ಹಿಗ್ಗುವ, ನೀರಲ್ಲಿ ತೇಲುವ ಇನ್ನೊಂದು ಜಾತಿ ಇದೆ. ಅದರ ಮೇಲೆ ಡೈ ಬೇರೆ ಥರ ಹಿಡಿಯುತ್ತದೆ, ಆದ್ದರಿಂದ ಒಂದರ ಮೇಲೆ ಪ್ರಯತ್ನಿಸಿ ನೋಡಿಯೇ ಮುಂದುವರಿಯಬೇಕು. ಮಾರ್ಕರ್ ಗೆರೆ ಮಾತ್ರ ಅದರ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಎರಡೂ ಜಾತಿಯನ್ನು ಒಟ್ಟಿಗೆ ಡಬ್ಬಿಯಲ್ಲಿ ಹಾಕಿದರೆ ಒಂದಕ್ಕೊಂದು ತಗುಲಿ ಕರಗಿ ಅಂಟು ಮುದ್ದೆಯಾಗುತ್ತವೆ. ನನ್ನ ಒಂದು ಇಡೀ ಡಬ್ಬಿ ಹಾಗೆ ಹೋಯಿತು.

ಕಪ್ಪು ಹುಳಕ್ಕೆ ಬಣ್ಣದ ಬಾಲ ಬೇಕೇ ಬೇಕು ಅನ್ನುವವರಿಗೆ ದಾರಿ ಇದೆ. ಬಣ್ಣ ಹಚ್ಚುವ ಬದಲು ಬಾಲವನ್ನೇ ಬದಲಿಸುವುದು. ಒಂದೇ ದಪ್ಪದ ಎರಡು ಹುಳಗಳನ್ನು ಓರೆಯಾಗಿ ಕತ್ತರಿಸಿ, ಕಾದ ಚಾಕುವಿನ ಅಲಗನ್ನು ಎರಡು ಕತ್ತರಿಸಿದ ಮುಖಗಳ ನಡುವೆ ಇಡಬೇಕು. ಎರಡೂ ಕಡೆ ಕರಗಿ ಹೊಳೆಯಲು ಶುರುವಾದ ಕೂಡಲೇ ಅಲಗನ್ನು ಜಾರಿಸಿ ತೆಗೆದು, ಮುಖಕ್ಕೆ ಮುಖ ಒತ್ತಿ ಹಿಡಿಯಬೇಕು. ಆರುವವರೆಗೆ ಅಲ್ಲಾಡಿಸಬಾರದು. ನೇರ ಬೆಂಕಿಗೆ ಹಿಡಿದರೆ ಕಪ್ಪಗೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ, ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಎರೆ ಹೊಯ್ಯುವವರು ಈ ಪ್ಲಾಸ್ಟಿಕ್ ಅನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕರಗಿದ ಹನಿ ಚರ್ಮದ ಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಕ್ಕಳು ಹತ್ತಿರ ಇರುವಾಗ ಈ ಕೆಲಸ ಬೇಡ.

ಇಷ್ಟೆಲ್ಲ ಮಾಡಿದರೂ ಮೀನಿಗೆ ಅದು ಕಾಣುತ್ತದಾ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ನನಗೆ ಒಂದು ಹಿಡಿತ ಸಿಕ್ಕಿತು. ಲಾರ್ಜ್‌ಮೌತ್ ಬಾಸ್‌ನ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮಗೆ ಮೂರು. ಒಂದು ಬಗೆ ಹಸಿರಿಗೆ, ಬೆಳಕಿನ ಅಲೆಯುದ್ದ ಸುಮಾರು 535 ನ್ಯಾನೊಮೀಟರ್ ಹತ್ತಿರ, ಚುರುಕು. ಇನ್ನೊಂದು ಕೆಂಪಿನ ಕಡೆ, 614ರ ಹತ್ತಿರ. ಕೆಂಪು, ಹಸಿರುಗಳನ್ನು ಬಾಸ್ ಚೆನ್ನಾಗಿ ಬೇರೆ ಮಾಡುತ್ತದೆ. ಆದರೆ ಚಾರ್ಟ್ರೂಸ್ ಮತ್ತು ಬಿಳಿ ಅದಕ್ಕೆ ಗೊಂದಲ. ನೀಲಿ ಮತ್ತು ಕಪ್ಪು ಸಹ ಹಾಗೇ.

ಇದನ್ನು ಓದಿದ ಮೇಲೆ ನನ್ನ ಅಭ್ಯಾಸ ಬದಲಾಯಿತು. ಬಿಳಿ ಎರೆಗೆ ಚಾರ್ಟ್ರೂಸ್ ಬಾಲ ಹಾಕುವುದನ್ನು ಬಿಟ್ಟೆ. ಅದು ನನ್ನ ಕಣ್ಣಿಗೆ ಮಾತ್ರ ಚಂದ ಅಂತ ಅನಿಸಿತು. ಬಿಳಿಗೆ ಈಗ ಕೆಂಪು ಅಥವಾ ಕಿತ್ತಳೆ, ಗಂಟಲಿನ ಹತ್ತಿರ. ಗ್ರೀನ್ ಪಂಪ್ಕಿನ್‌ಗೆ ಚಾರ್ಟ್ರೂಸ್ ಉಳಿಸಿಕೊಂಡೆ, ಯಾಕೆಂದರೆ ಅಲ್ಲಿ ಗಾಢದ ಪಕ್ಕ ತಿಳಿ ಬರುತ್ತದೆ. ಬಣ್ಣ ಗೊತ್ತಾಗದಿದ್ದರೂ ಆ ಹೊಳಪಿನ ವ್ಯತ್ಯಾಸ ಕಾಣಬೇಕು ಅನ್ನುವುದು ನನ್ನ ಲೆಕ್ಕ.

ನೀರೂ ಇದರಲ್ಲಿ ಪಾಲುದಾರ. ಕೆಂಪು ಬೆಳಕನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಆಳಕ್ಕೆ ಇಳಿದಷ್ಟೂ ಕೆಂಪು ಬಾಲ ಸುಮ್ನೆ ಕಪ್ಪು ತುದಿಯಾಗುತ್ತದೆ. ಅದಕ್ಕೆ ನಾನು ಕೆಂಪು, ಕಿತ್ತಳೆಗಳನ್ನು ದಡದ ಹತ್ತಿರ, ಎರಡು ಮೂರು ಅಡಿ ನೀರಿನಲ್ಲಿ ಬಳಸುತ್ತೇನೆ. ಹಸಿರು ಕಲಕಿದ ನೀರಿಗೆ ಚಾರ್ಟ್ರೂಸ್. ರಾತ್ರಿ ಹೊತ್ತು ಡೈ ಬಾಟಲಿಯನ್ನು ತೆಗೆಯುವುದೇ ಇಲ್ಲ.

ಈ ಬಣ್ಣ ಹಚ್ಚುವ ಕೆಲಸ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮೀನು ಬಾಲವನ್ನಷ್ಟೇ ಎಳೆದು ಬಿಡುವ ದಿನಗಳಲ್ಲಿ. ಟಕ್ ಅಂತ ತಾಗುತ್ತದೆ, ಎಳೆದರೆ ಏನೂ ಇಲ್ಲ, ಎರೆಯ ಬಾಲ ಮಾತ್ರ ಹರಿದಿರುತ್ತದೆ. ಅಂಥ ದಿನ ಬಾಲಕ್ಕೆ ಇನ್ನಷ್ಟು ಬಣ್ಣ ಹಚ್ಚಿದರೆ ಮೀನು ಅಲ್ಲಿಗೇ ಇನ್ನಷ್ಟು ಬರುತ್ತದೆ. ಆದ್ದರಿಂದ ನಾನು ಬಾಲವನ್ನು ಹಾಗೇ ಬಿಟ್ಟು, ಕೊಕ್ಕೆಯ ಬಾಗು ಮೈಯಿಂದ ಹೊರಬರುವ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಒಂದು ಕಿತ್ತಳೆ ಉಂಗುರ ಹಾಕುತ್ತೇನೆ. ಮೊದಲ ಸಲ ಹಾಕಿದ ದಿನ ಒಂದರ ಹಿಂದೆ ಒಂದು ಮೂರು ಮೀನು ಕೊಕ್ಕೆಗೆ ಸಿಕ್ಕವು. ಮೂರು ಮೀನಿನಿಂದ ಯಾವುದೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಆಮೇಲಿನ ಋತುಗಳಲ್ಲೂ ಅಂಥ ದಿನ ಬಂದಾಗಲೆಲ್ಲ ನಾನು ಮೊದಲು ಮಾಡುವುದು ಆ ಉಂಗುರವನ್ನೇ.

ಬಾಟಲಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಅದು ಒಂದಲ್ಲ ಒಂದು ದಿನ ಉರುಳುತ್ತದೆ. ದೋಣಿಯ ಕಾರ್ಪೆಟ್‌ಗೆ ಬಿದ್ದ ಡೈ ಅಲ್ಲೇ ಉಳಿಯುತ್ತದೆ, ಬಟ್ಟೆಗೂ ಅಷ್ಟೇ. ನಾನು ಬಾಟಲಿಯನ್ನು ಜಿಪ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಅಗಲ ಬಾಯಿಯ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ. ಮುಚ್ಚಳ ತೆಗೆದು ಅದ್ದುವಾಗಲೂ ಬಾಟಲಿ ಡಬ್ಬಿಯೊಳಗೇ ಇರುತ್ತದೆ. ಡಬ್ಬಿಯ ತಳದಲ್ಲಿ ಒಂದು ಹಳೇ ಚಿಂದಿ. ಅದು ಈಗ ನಾಲ್ಕೂ ಬಣ್ಣ ಕುಡಿದು ಕೂತಿದೆ.