ದೊಡ್ಡ ಕಂಪನಿ ನಿಮ್ಮ ಘಟಕ ಕೊಳ್ಳೋಕೆ ಬಂದರೆ ಮೊದಲು ಏನು ಕೇಳಬೇಕು?

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಸಣ್ಣ ಘಟಕಗಳ ಲೆಕ್ಕ ಬರೆಯುವವಳು. ಸೋಡಾ, ಚಟ್ನಿಪುಡಿ, ನರ್ಗಿಸ್ ಮಂಡಕ್ಕಿ ಮಾಡುವವರೇ ಜಾಸ್ತಿ. ದೊಡ್ಡ ಕಂಪನಿಯಿಂದ ಫೋನ್ ಬಂತು ಅಂದರೆ ಎಲ್ಲರೂ ಕೇಳೋದು, "ಎಷ್ಟು ಕೊಡ್ತಾರೆ ಮೇಡಂ?" ರೇಟು ಆಮೇಲೆ ಮಾತಾಡಿ. ಮೊದಲು ನಿಮ್ಮ ಮಾಲಿನ ಎರಡು ಪಟ್ಟಿ ಬರೆಯಿರಿ. ಬೇರೆ ಊರಲ್ಲಿ ಮಾಡಿದರೂ ನಡೆಯುವುದು ಒಂದು. ಇಲ್ಲೇ ಆಗಬೇಕಾದ್ದು ಇನ್ನೊಂದು.

ಶಿಕಾಗೊದ ಗೂಸ್ ಐಲ್ಯಾಂಡ್ ಬಿಯರ್ ಕಥೆ ಇದಕ್ಕೇ ಹೇಳುತ್ತೇನೆ. 1988ರಲ್ಲಿ ಜಾನ್ ಹಾಲ್ ಒಂದು ಪಬ್ಬಿನಲ್ಲೇ ಬಿಯರ್ ತಯಾರಿಸಿ ಮಾರತೊಡಗಿದರು. 1995ರಲ್ಲಿ ಫುಲ್ಟನ್ ಸ್ಟ್ರೀಟಿನಲ್ಲಿ ಕಾರ್ಖಾನೆ ಹಾಕಿದರು. ಬೇಡಿಕೆಗೆ ಅದೂ ಸಾಲಲಿಲ್ಲ. 2011ರಲ್ಲಿ ಬಡ್‌ವೈಸರ್ ಮಾಡುವ ಕಂಪನಿ ಅದನ್ನು 3.88 ಕೋಟಿ ಡಾಲರಿಗೆ ಕೊಂಡಿತು. ಅವರ ಗೋಧಿ ಬಿಯರಿನ ಹೆಸರು 312, ಅಂದರೆ ಶಿಕಾಗೊದ ಫೋನ್ ಕೋಡು. ಅದರ ತಯಾರಿ ನ್ಯೂಯಾರ್ಕ್ ರಾಜ್ಯದ ಬಾಲ್ಡ್ವಿನ್ಸ್‌ವಿಲ್‌ನ ದೊಡ್ಡ ಪ್ಲಾಂಟಿಗೆ ಹೋಯಿತು. ಶಿಕಾಗೊದಲ್ಲಿ ಟ್ಯಾಂಕುಗಳು ಬಿಡುವಾದವು. ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸುವ ಬರ್ಬನ್ ಕೌಂಟಿ ಸ್ಟೌಟ್ ಅನ್ನುವ ಅವರ ಕಪ್ಪು ಬಿಯರಿಗೆ ಜಾಗ ಸಿಕ್ಕಿತು. ಅಷ್ಟು ದಿನ ದುಡ್ಡು ಕಟ್ಟಿಹಾಕಿ ಕೂರೋದು ಸಣ್ಣವರಿಗೆ ಕಷ್ಟ. ದೊಡ್ಡ ಒಡೆತನದ ನಿಜವಾದ ಲಾಭ ಇದೇ ಅನ್ನೋದು ನನ್ನ ಅಭಿಪ್ರಾಯ. ಆದರೆ ಊರಿನ ಕೋಡು ಹೊತ್ತ ಬಾಟಲಿ ಇನ್ನೆಲ್ಲೋ ತುಂಬುವುದು ಊರಿನವರಿಗೆ ನೋವಾಗದೇ ಇರುತ್ತದಾ?

ನಿಮ್ಮ ಪಟ್ಟಿಯನ್ನೂ ಹಾಗೇ ನೋಡಿ. ಶುಂಠಿ ಸೋಡಾ ಆದರೆ ಪಾಕ ಇಲ್ಲೇ ಕಾಯಿಸಿ, ನೀರು-ಗ್ಯಾಸು ತುಂಬುವುದನ್ನು ಹೊರಗೆ ಕೊಡಬಹುದು. ಆದರೆ ನೀರು ಬದಲಾದರೆ ರುಚಿಯೂ ಬದಲಾಗುತ್ತದೆ. ಹಾಗಾಗಿ ಸಹಿಗೆ ಮುಂಚೆಯೇ ಅವರ ಪ್ಲಾಂಟಿನಲ್ಲಿ ಒಂದು ಬ್ಯಾಚ್ ಮಾಡಿಸಿ. ಲೇಬಲ್ ಕಿತ್ತು, ದಿನಾ ಕುಡಿಯುವ ಗಿರಾಕಿಗಳಿಗೇ ಎರಡನ್ನೂ ಕೊಟ್ಟು ಕೇಳಿ. ಮಂಡಕ್ಕಿ ಮಾತ್ರ ಭಟ್ಟಿಯ ಹತ್ತಿರವೇ ಇರಲಿ, ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಯಾವ ಮಾಲು ಎಲ್ಲಿ, ಎಷ್ಟು ವರ್ಷ, ಲೇಬಲ್ ಮೇಲೆ ಯಾವ ಊರಿನ ಹೆಸರು, ಇವೆಲ್ಲ ಕರಾರಿನಲ್ಲೇ ಬರಬೇಕು. ಬಾಯಿಮಾತು ಬೇಡ.

"ಅರ್ಧ ಪಾಲು ತಾನೇ ಕೊಡೋದು" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಲಗುನಿಟಾಸ್ ಅನ್ನುವ ಬಿಯರ್ ಕಂಪನಿ 2015ರಲ್ಲಿ ದೊಡ್ಡ ಬಿಯರ್ ಕಂಪನಿ ಹೈನೆಕೆನ್‌ಗೆ ಅರ್ಧ ಪಾಲು ಮಾರಿತು. 2017ಕ್ಕೆ ಪೂರ್ತಿ ಹೈನೆಕೆನ್‌ದೇ ಆಯಿತು. ಉಳಿದ ಅರ್ಧದ ಬೆಲೆ ಹೇಗೆ ಕಟ್ಟಬೇಕು ಅನ್ನೋದನ್ನು ಮೊದಲ ದಿನವೇ ಬರೆಸಿಕೊಳ್ಳಿ.

ಮುಚ್ಚುವ ದಿನದ ಮಾತನ್ನೂ ಆಗಲೇ ಆಡಬೇಕು, ಅಪಶಕುನ ಅನ್ನಿಸಿದರೂ. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಬಿಯರ್ ಕಾರ್ಖಾನೆ 1896ರಷ್ಟು ಹಳೆಯದು. ಜಪಾನಿನ ಬಿಯರ್ ಕಂಪನಿ ಸಪ್ಪೋರೊ ಅದನ್ನು 2017ರಲ್ಲಿ ಕೊಂಡು, 2023ರಲ್ಲಿ ಮುಚ್ಚುವುದಾಗಿ ಹೇಳಿತು. ಕೆಲಸಗಾರರು ತಾವೇ ಕೊಳ್ಳಲು ಓಡಾಡಿದರು, ಆಗಲಿಲ್ಲ. ನಿಲ್ಲಿಸುವುದಾದರೆ ಹೆಸರು, ರೆಸಿಪಿ, ಮೆಷಿನ್ನುಗಳನ್ನು ಮೊದಲು ನಿಮಗೇ ಮಾರಬೇಕು ಅನ್ನುವ ಷರತ್ತು ಹಾಕಿಸಿ.

ಇನ್ನು ಟ್ರೇಡ್‌ಮಾರ್ಕ್. ನಮ್ಮಲ್ಲಿ ಎಷ್ಟೋ ಜನ ಮಾಡಿಸಿಯೇ ಇರಲ್ಲ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಅವರ ಜೊತೆ ಮೊದಲ ಸಲ ಕೂರುವ ಮುಂಚೆಯೇ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿರಿ.