ಮೂರು ನಾಲ್ಕು, ಮೂರು ನಾಲ್ಕು: ಸಿನಿಮಾ ಹಾಡಿನ ಲಯ ನನಗೆ ಕೇಳಿಸಿದ ಬಗೆ

ತಾಳದ ಒಂದು ಸುತ್ತಿಗೆ ನಾಲ್ಕು ಎಣಿಕೆ ಇರುವ ಹಾಡಿಗೆ, ಎಂಟರ ಹಾಡಿಗೆ ಕಾಲು ತಾನಾಗೇ ತಟ್ಟುತ್ತದೆ. ಏಳರ ಹಾಡು ಬಂದರೆ ಕಥೆ ಬೇರೆ. ಒಂದು ಸುತ್ತಿನಲ್ಲಿ ಕಾಲು ಸರಿಯಾಗಿ ಬೀಳುತ್ತದೆ, ಮುಂದಿನ ಸುತ್ತಿನಲ್ಲಿ ಎಲ್ಲೋ ಬೀಳುತ್ತದೆ. ನನ್ನನ್ನು ಹೀಗೆ ಆಟ ಆಡಿಸಿದ್ದು 1962ರ ‘ಅನ್‌ಪಢ್’ ಚಿತ್ರದ ‘ಆಪ್ ಕೀ ನಜರೋಂ ನೇ ಸಮ್‌ಝಾ’. ಮದನ್ ಮೋಹನ್ ಸಂಗೀತ, ಲತಾ ಮಂಗೇಶ್ಕರ್ ದನಿ. ಅದು ಎಷ್ಟು ಸರಾಗವಾಗಿ ಹರಿಯುತ್ತದೆ ಅಂದರೆ ಒಳಗೊಂದು ಲೆಕ್ಕ ಇದೆ ಅಂತಲೇ ಅನಿಸುವುದಿಲ್ಲ. ತಾಳ ಹಾಕಲು ಹೋದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ನಾನು ಗುರುಗಳ ಮುಂದೆ ಕೂತು ಸಂಗೀತ ಕಲಿತವನಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಒಂದಷ್ಟು ವರ್ಷ ರಿದಮ್ ಪ್ಯಾಡ್ ನುಡಿಸುತ್ತಿದ್ದೆ, ಅಷ್ಟೇ. ಅಲ್ಲಿ ನಾಲ್ಕೈದು ನಡೆ ಕೈಗೆ ಬಂದರೆ ರಾತ್ರಿಯೆಲ್ಲಾ ಕಾರ್ಯಕ್ರಮ ಮುಗಿಸಬಹುದು. ಏಳರ ಹಾಡು ಯಾರಾದರೂ ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಿದ್ದೆವು. ಆ ಬಾಗಿಲು ನನಗೆ ತೆರೆದದ್ದು ಸಂಗೀತದ ಕಡೆಯಿಂದ ಅಲ್ಲ, ಹೈಸ್ಕೂಲಿನ ಕನ್ನಡ ಪಿರಿಯಡ್ಡಿನ ಕಡೆಯಿಂದ.

ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘು, ಗುರು ಗುರುತಿಸಿ ಮೂರು ಮಾತ್ರೆಗೊಂದು, ನಾಲ್ಕು ಮಾತ್ರೆಗೊಂದು ಗೀಟು ಎಳೆಯಬೇಕು. ಕುಮಾರವ್ಯಾಸನ ಪದ್ಯ ಹೀಗೆ ಒಡೆಯುತ್ತದೆ: ವೇದ | ಪುರುಷನ | ಸುತನ | ಸುತನ ಸ | ಹೋದ | ರನ ಹೆಮ್ | ಮಗನ. ‘ರನ ಹೆ | ಮ್ಮಗನ’ ಅಂತ ಗಣ ಮುರಿದು ಬೈಸಿಕೊಂಡವರೂ ಇದ್ದರು, ಆದರೆ ‘ರನ ಹೆಮ್’ ಅನ್ನುವಲ್ಲಿಗೇ ನಾಲ್ಕು ತುಂಬುವುದು. ಮೂರು, ನಾಲ್ಕು, ಮೂರು, ನಾಲ್ಕು. ಕೂಡಿದರೆ ಏಳು, ಏಳು. ಪ್ರತಿ ಗೀಟಿನ ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾ ಓದಿ ನೋಡಿ. ಒಂದು ಗಿಡ್ಡ, ಒಂದು ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಗಮಕಿಗಳು ರಾಗವಾಗಿ ಹಾಡುವಾಗ ಇದನ್ನು ಎಳೆಯುತ್ತಾರೆ, ತಾಳಕ್ಕೆ ಕಟ್ಟುಬೀಳುವುದಿಲ್ಲ. ಸುಮ್ನೆ ಮಗ್ಗಿಯಂತೆ ಓದಿದರೆ ಸಾಕು, ಲೆಕ್ಕ ಬಾಯಿಗೆ ಕೂರುತ್ತದೆ.

ಈಗ ರಾಜಾ ಮೆಹದಿ ಅಲಿ ಖಾನ್ ಬರೆದ ಆ ಹಿಂದಿ ಸಾಲಿಗೆ ಇದೇ ಗೀಟು ಎಳೆಯಿರಿ. ಆಪ | ಕೀ ನಜ್ | ರೋಂ ನೆ | ಸಮ್‌ ಝಾ | ಪ್ಯಾರ | ಕೇ ಕಾ | ಬಿಲ್ ಮು | ಝೇ. ಮೂರು ನಾಲ್ಕು, ಮೂರು ನಾಲ್ಕು! ನಾನು ಇದನ್ನು ಹಳೇ ಡೈರಿಯ ಹಾಳೆಯಲ್ಲಿ ಬರೆದು ನೋಡಿದಾಗ ಸ್ವಲ್ಪ ಹೊತ್ತು ನಗುತ್ತಾ ಕೂತಿದ್ದೆ. ಉರ್ದು ಕವಿತೆಯ ಅಳತೆಯೇ ಬೇರೆ, ನಮ್ಮ ಷಟ್ಪದಿಯ ವಂಶವೇ ಬೇರೆ. ಆದರೂ ಎರಡೂ ಏಳರಲ್ಲಿ ಭೇಟಿಯಾಗುತ್ತವೆ. ತಬಲಾದವರು ಇದನ್ನು ರೂಪಕ್ ಅನ್ನುತ್ತಾರೆ, ಮೂರು-ಎರಡು-ಎರಡು ಅಂತ ಎಣಿಸುತ್ತಾರೆ. ಕರ್ನಾಟಕ ಸಂಗೀತದವರಿಗೆ ಮೂರು-ನಾಲ್ಕು ಅಂದರೆ ಮಿಶ್ರ ಛಾಪು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡುವುದು ಅದರಲ್ಲೇ. ಕರಾವಳಿಯವರಾದರೆ ಯಕ್ಷಗಾನದ ತ್ರಿವುಡೆಯನ್ನು ನೆನಪಿಸಿಕೊಳ್ಳಿ, ಅದೂ ಏಳೇ. ಅಂದರೆ ಈ ಏಳು ನಮಗೆ ಹೊಸದೇನಲ್ಲ. ಸಿನಿಮಾ ಹಾಡಿನಲ್ಲಿ ಬಂದಾಗ ಗುರುತು ಸಿಗುವುದಿಲ್ಲ, ಅಷ್ಟೇ. ಐದು ಬೇಕಿದ್ದರೆ ಲಕ್ಷ್ಮೀಶನ ವಾರ್ಧಕ ಷಟ್ಪದಿ ಇದೆ: ಶ್ರೀವಧುವಿ | ನಂಬಕ ಚ | ಕೋರಕಂ. ಎಲ್ಲವೂ ಐದೈದು.

ಮುಂದಿನ ಪಾಠ ಮೃದಂಗ ನುಡಿಸುವ ಗೆಳೆಯನಿಂದ ಬಂತು. ನಾನು ಬೆರಳು ಮಡಚುತ್ತಾ ಒಂದು, ಎರಡು ಅಂತ ಎಣಿಸುವುದನ್ನು ನೋಡಿ, ‘ಲೆಕ್ಕ ಬಿಡು ಮಾರಾಯ, ಬಾಯಲ್ಲಿ ಹೇಳು’ ಅಂದ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟ ತಕಧಿಮಿ. ಸಂಖ್ಯೆ ಹೇಳಿಕೊಂಡು ಹೋದರೆ ‘ಏಳು’ ಮುಗಿಸಿ ‘ಒಂದು’ ಹಿಡಿಯುವ ಕಡೆ ನಾಲಿಗೆ ತಡವರಿಸುತ್ತದೆ. ತಕಿಟ, ತಕಧಿಮಿಯಂಥ ಸೊಲ್ಲಿಗೆ ಆ ತೊಂದರೆ ಇಲ್ಲ. ಕೆಲವೊಮ್ಮೆ ಹಾಡು ಬರೆದವರೇ ನಮ್ಮ ಕೆಲಸ ಮಾಡಿಟ್ಟಿರುತ್ತಾರೆ. 1983ರ ತೆಲುಗು ಚಿತ್ರ ‘ಸಾಗರ ಸಂಗಮಂ’ನಲ್ಲಿ ಎಸ್.ಪಿ.ಬಾಲಸುಬ್ರಹ್ಮಣ್ಯಂ ‘ತಕಿಟ ತಧಿಮಿ ತಕಿಟ ತಧಿಮಿ’ ಅಂತ ಶುರು ಮಾಡುತ್ತಾರಲ್ಲ, ಅಲ್ಲಿ ವೇಟೂರಿ ಅವರ ಸಾಹಿತ್ಯವೇ ತಾಳ. ಮೂರು ಮೂರಾಗಿ ಕೇಳುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಹಾಡು ನನಗೆ ಸಿಕ್ಕಿಲ್ಲ.

ಬಾಯಲ್ಲಿ ಹೇಳಲು ಶುರು ಮಾಡಿದ ಮೇಲೆ ಇನ್ನೊಂದು ಗುಟ್ಟು ಬಯಲಾಯಿತು. ‘ಅಬ್ಬಾ, ಎಂಥ ಕಷ್ಟದ ರಿದಮ್’ ಅಂತ ನಾವು ಅಂದುಕೊಳ್ಳುವ ಎಷ್ಟೋ ಹಾಡು ಶುದ್ಧ ಎಂಟರದ್ದು. ಆ ಎಂಟನ್ನು ನಾಲ್ಕು-ನಾಲ್ಕು ಅಂತ ಒಡೆಯದೆ ಮೂರು-ಮೂರು-ಎರಡು ಅಂತ ಒಡೆದಿರುತ್ತಾರೆ. ತಕಿಟ ತಕಿಟ ತಕ. ಕಾಲಲ್ಲಿ ಮಾಮೂಲಿ ನಾಲ್ಕು ತಟ್ಟುತ್ತಾ ಬಾಯಲ್ಲಿ ಇದನ್ನು ಹೇಳಿ. ಮೊದಲು ಕಾಲು ನಿಲ್ಲುತ್ತದೆ, ಇಲ್ಲಾ ಬಾಯಿ ನಿಲ್ಲುತ್ತದೆ. ಎರಡೂ ಒಟ್ಟಿಗೆ ನಡೆಯಲು ಶುರುವಾದ ದಿನದಿಂದ ಡೋಲಕ್ಕಿನ ಅರ್ಧಕ್ಕರ್ಧ ಚಮತ್ಕಾರ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಬಿಟ್ ಮುಗಿಯುವ ಜಾಗವನ್ನೂ ಗಮನಿಸಿ. ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳು ನುಡಿಯುವುದನ್ನು ನಾವು ಆರ್ಕೆಸ್ಟ್ರಾದವರು ಬಿಟ್ ಅನ್ನುತ್ತೇವೆ. ಅದರ ಕೊನೆಯಲ್ಲಿ ಒಂದೇ ತುಂಡು ಮೂರು ಸಲ ಬಂದು, ಹಾಡುವವರ ಬಾಯಿಗೆ ಸರಿಯಾಗಿ ತಂದು ಬಿಡುವುದುಂಟು. ಮುಕ್ತಾಯ ಅನ್ನಿ, ತಿಹಾಯಿ ಅನ್ನಿ. ತಧಿಗಿಣತೊಂ ಐದು ಮಾತ್ರೆ, ಮೂರು ಸಲಕ್ಕೆ ಹದಿನೈದು. ಎಂಟು ಎಣಿಕೆಯ ಆದಿತಾಳದ ಅರ್ಧ ಆವರ್ತಕ್ಕೆ, ಅಂದರೆ ಅರ್ಧ ಸುತ್ತಿಗೆ, ಎಣಿಕೆಗೆ ನಾಲ್ಕರಂತೆ ಹದಿನಾರು ಮಾತ್ರೆ. ಹಾಗಾಗಿ ಒಂದು ಮಾತ್ರೆ ಸುಮ್ಮನಿದ್ದು ಶುರು ಮಾಡಿದರೆ ಮುಗಿದ ಕೂಡಲೇ ತಾಳದ ಏಟು ಸಿಗುತ್ತದೆ. ಆ ಒಂದು ಮಾತ್ರೆಯ ಮೌನ ಎಲ್ಲಿದೆ ಅಂತ ಹುಡುಕುವುದರಲ್ಲೇ ನನಗೆ ಜಾಸ್ತಿ ಖುಷಿ. ನನ್ನ ಹೆಂಡತಿ ಒಮ್ಮೆ ಬಾಗಿಲಲ್ಲಿ ನಿಂತು, ‘ಹಾಡು ಕೇಳ್ತಿದ್ದೀರೋ, ಅಂಗಡಿ ಲೆಕ್ಕ ನೋಡ್ತಿದ್ದೀರೋ?’ ಅಂತ ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯೇ ಅದು. ಆದ್ದರಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಹೊಸ ಹಾಡನ್ನು ಮೊದಲ ಸಲ ಕೇಳುವಾಗ ತಾಳ ಹಾಕುವುದಿಲ್ಲ. ಏಳರಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಹಾಡು ದೊಡ್ಡದಾಗುವುದಿಲ್ಲ. ಲೆಕ್ಕ ತೋರಿಸಿಕೊಳ್ಳಲೆಂದೇ ಕಟ್ಟಿದ ಫ್ಯೂಷನ್ ತುಣುಕುಗಳು ನನಗೆ ಬೇಗ ಬೇಜಾರು ತರಿಸುತ್ತವೆ. ಮದನ್ ಮೋಹನ್ ಅದನ್ನು ಮುಚ್ಚಿಟ್ಟರು, ಅದಕ್ಕೇ ಇನ್ನೂ ಕೇಳುತ್ತೇನೆ.

ಲಯ ಒಂದು ಹಂತಕ್ಕೆ ಬಂದ ಮೇಲೆ ವಾದ್ಯಗಳ ಜೋಡಣೆ. ಇಲ್ಲಿ ನನ್ನ ದಾರಿ ತುಂಬಾ ಸರಳ: ಒಂದು ಸಲಕ್ಕೆ ಒಂದೇ ವಾದ್ಯ. ಹಾಡುವವರನ್ನೂ ಬಿಟ್ಟು, ಬರೀ ಬೇಸ್ ಗಿಟಾರ್ ಹಿಂದೆ ಶುರುವಿನಿಂದ ಕೊನೆಯವರೆಗೆ ಹೋಗುವುದು. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಬೇಕು. ಇಳಯರಾಜ ಅವರ ಹಾಡಿನಿಂದ ಶುರು ಮಾಡಿದರೆ ಒಳ್ಳೆಯದು. ಅವರ ಬೇಸ್ ತಾಳ ಕಾಯುತ್ತಾ ಕೂರುವುದಿಲ್ಲ, ಹಾಡಿನ ಕೆಳಗೆ ತನ್ನದೇ ಇನ್ನೊಂದು ಹಾಡು ಹಾಡುತ್ತದೆ. ಅವರು ಪ್ರತಿ ವಾದ್ಯದ ಪಾಲನ್ನೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಕೊಡುವವರು. ಅಂದಮೇಲೆ ಅಲ್ಲಿ ಕೇಳಿಸುವುದು ಯಾವುದೂ ನುಡಿಸುವವರು ಆ ಹೊತ್ತಿಗೆ ಹೊಂದಿಸಿಕೊಂಡಿದ್ದಲ್ಲ. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ.ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು ಅವರು.

ಜೋಡಣೆ ಅಂದರೇನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಒಂದೇ ಧಾಟಿಯ ಹಾಡುಗಳನ್ನು ಪಕ್ಕಪಕ್ಕ ಇಟ್ಟಾಗ. ಶಂಕರ್ ನಾಗ್ ಅವರ ‘ಗೀತಾ’ 1981ರದ್ದು. ಅದರ ‘ಜೊತೆಯಲಿ ಜೊತೆಜೊತೆಯಲಿ’ ಕನ್ನಡಿಗರಿಗೆ ಬಾಯಿಪಾಠ. ಅದೇ ಧಾಟಿ 1984ರಲ್ಲಿ ತಮಿಳಿನ ‘ನೂರಾವದು ನಾಳ್’ನಲ್ಲಿ ‘ವಿಳಿಯಿಲೇ’ ಆಯಿತು, 2007ರಲ್ಲಿ ಹಿಂದಿಯ ‘ಚೀನಿ ಕಮ್’ನಲ್ಲಿ ‘ಜಾನೇ ದೋ ನಾ’ ಆಯಿತು. ಮೂರನ್ನೂ ಒಂದರ ಹಿಂದೊಂದು ಹಾಕಿ. ಧಾಟಿ ಹೇಗೂ ಗೊತ್ತಿರುವುದರಿಂದ ಕಿವಿಗೆ ಅಲ್ಲಿ ಕೆಲಸವಿಲ್ಲ. ಅದು ಬೇರೆ ಕಡೆ ಓಡಾಡಲು ಶುರು ಮಾಡುತ್ತದೆ. ತಾಳ ಯಾರ ಕೈಯಲ್ಲಿದೆ, ಎರಡು ಸಾಲಿನ ನಡುವಿನ ಜಾಗವನ್ನು ಯಾರು ತುಂಬುತ್ತಾರೆ, ಎಲ್ಲಿ ಯಾರೂ ತುಂಬದೆ ಖಾಲಿ ಬಿಟ್ಟಿದ್ದಾರೆ. ಸಿದ್ಧಾಂತದ ಪುಸ್ತಕ ಓದಿ ಇದು ನನಗೆ ಬರುತ್ತಿರಲಿಲ್ಲ.

ಹಳೇ ಹಿಂದಿ ಹಾಡಿನಲ್ಲಾದರೆ ಪಿಟೀಲು ಗುಂಪಿನ ಹಿಂದೆ ಹೋಗಿ. ಶಂಕರ್-ಜೈಕಿಶನ್ ಹಾಡುಗಳಲ್ಲಿ ಹಾಡುವವರ ಬೆನ್ನಿಗೆ ಇನ್ನೊಂದು ಧಾಟಿ ಹರಿಯುತ್ತಿರುತ್ತದೆ. ಅದನ್ನು ಬರೆಯುತ್ತಿದ್ದವರು ಗೋವಾದ ಸೆಬಾಸ್ಟಿಯನ್ ಡಿಸೋಜ. ಹಿಂದಿ ಚಿತ್ರಗಳಲ್ಲಿ ಹೀಗೆ ವಾದ್ಯ ಜೋಡಿಸುವ ಅರೇಂಜರ್‌ಗಳಲ್ಲಿ ಗೋವಾದವರು ತುಂಬಾ ಜನ, ಹೆಸರು ಮಾತ್ರ ಪರದೆಯ ಮೇಲೆ ಕಂಡಿದ್ದು ಕಡಿಮೆ. ಆಂಥೊನಿ ಗೊನ್ಸಾಲ್ವಿಸ್ ಹೆಸರು ಎಲ್ಲರಿಗೂ ಗೊತ್ತು, ‘ಅಮರ್ ಅಕ್ಬರ್ ಆಂಥೊನಿ’ಯಲ್ಲಿ ಅಮಿತಾಭ್ ಮೊಟ್ಟೆಯಿಂದ ಹೊರಬಂದು ಆ ಹೆಸರು ಹಾಡಿದ್ದರಿಂದ. ನಿಜವಾದ ಗೊನ್ಸಾಲ್ವಿಸ್ ಪಿಟೀಲು ವಾದಕರು, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಕಲಿಸಿದ ಗುರು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಆರ್.ಡಿ.ಬರ್ಮನ್ ಹಾಡಾದರೆ ‘ಇದು ಯಾವ ವಾದ್ಯ?’ ಅನ್ನುವ ಪ್ರಶ್ನೆಯಿಂದಲೇ ಶುರು ಮಾಡಬಹುದು. ‘ಶೋಲೆ’ಯ ‘ಮೆಹಬೂಬಾ’ದಲ್ಲಿ ಬಾಟಲಿಯ ಬಾಯಿಗೆ ಊದಿ ತೆಗೆದ ಸದ್ದಿದೆ. ನೇಪಾಳದ ಮಾದಲ್ ಅನ್ನುವ ಚರ್ಮವಾದ್ಯ ಬರ್ಮನ್ ಹಾಡುಗಳಿಗೆ ಬಂದದ್ದು ಡಾರ್ಜಿಲಿಂಗ್‌ನ ರಂಜಿತ್ ಗಜ್‌ಮೇರ್ ಅವರ ಕೈಯಿಂದ. ಮಾದಲನ್ನು ಶ್ರುತಿ ಮಾಡಿ ಸ್ವರ ನುಡಿಸುವುದನ್ನು ಒಮ್ಮೆ ಗುರುತು ಹಿಡಿದರೆ ಆಮೇಲೆ ತಬಲಾಗೂ ಅದಕ್ಕೂ ಗೊಂದಲ ಆಗುವುದಿಲ್ಲ.

ಕನ್ನಡದಲ್ಲಿ ನಾನು ಹೊಸಬರಿಗೆ ಕೊಡುವ ಹಾಡು ಒಂದೇ. 1977ರ ‘ಸನಾದಿ ಅಪ್ಪಣ್ಣ’ದ ‘ಕರೆದರೂ ಕೇಳದೆ’. ಜಿ.ಕೆ.ವೆಂಕಟೇಶ್ ಸಂಗೀತ, ಎಸ್.ಜಾನಕಿ ದನಿ, ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ. ಮೊದಲ ಸಲ ಶಹನಾಯಿ ಮಾತ್ರ ಕೇಳಿ. ದನಿ ಬಿಟ್ಟ ಜಾಗಕ್ಕೆ ಅದು ಹೇಗೆ ಬರುತ್ತದೆ, ಎಷ್ಟು ಹೇಳಿ ಸುಮ್ಮನಾಗುತ್ತದೆ ಅಂತ ನೋಡಿ. ಎರಡನೇ ಸಲ ತಬಲಾ. ಮೂರನೇ ಸಲ ಜಾನಕಿಯವರ ಉಸಿರು: ಯಾವ ಪದಕ್ಕೆ ಮೊದಲು ಉಸಿರು ತೆಗೆದುಕೊಳ್ಳುತ್ತಾರೆ ಅಂತ. ಆಮೇಲೆ ಪೂರ್ತಿ ಹಾಡು ಕೇಳಿ. ಆಗಲೂ ಏನೂ ಹೊಸದು ಕೇಳಿಸದಿದ್ದರೆ ಒಂದು ವಾರ ಬಿಟ್ಟು ಹಾಕಿ, ಅವಸರವೇನಿಲ್ಲ.

ನನಗೆ ಈಗ ತಲೆ ತಿನ್ನುತ್ತಿರುವುದು ಐದು. ಏಳಕ್ಕೆ ಹೋಲಿಸಿದರೆ ಐದರ ಸಿನಿಮಾ ಹಾಡು ನನ್ನ ಕಿವಿಗೆ ಬಿದ್ದದ್ದು ಕಡಿಮೆ. ಸಿಕ್ಕಿದ ಒಂದೆರಡೂ ಹತ್ತರ ಝಪ್‌ತಾಲವೋ, ಎಡುಪನ್ನು (ಹಾಡು ಎತ್ತಿಕೊಳ್ಳುವ ಜಾಗವನ್ನು) ತಾಳದಿಂದ ಆಚೆ ಸರಿಸಿದ ಮಾಮೂಲಿ ಎಂಟೋ ಅಂತ ನಾನೂ ಮೃದಂಗದ ಗೆಳೆಯನೂ ಇನ್ನೂ ಜಗಳ ಆಡುತ್ತಿದ್ದೇವೆ. ಅವನು ಎಂಟು ಅನ್ನುತ್ತಾನೆ. ನಾನು ವಾರ್ಧಕ ಷಟ್ಪದಿ ಹೇಳಿಕೊಂಡು ತಟ್ಟಿ ನೋಡುತ್ತಿದ್ದೇನೆ.